ಮೊದಲು ಉರಿ, ಆಮೇಲೆ ರುಚಿ: ಮಕ್ಕಳಿಗೆ ಅಡುಗೆ ಕಲಿಸುವ ಬಗೆ

(ಪೋಷಕರು ಮತ್ತು ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗೆ ಅಡುಗೆ ಕಲಿಸುತ್ತೇವೆ ಅಂದಾಗ ಸಾಮಾನ್ಯವಾಗಿ ಏನಾಗುತ್ತದೆ? ಹಿಟ್ಟು ಕಲಸಲು ಕೊಡುತ್ತೇವೆ, ಹಣ್ಣಿನ ಹೋಳುಗಳನ್ನು ತಟ್ಟೆಯಲ್ಲಿ ಜೋಡಿಸಲು ಕೊಡುತ್ತೇವೆ, ಕೇಕಿನ ಮೇಲೆ ಬಣ್ಣದ ಸಕ್ಕರೆ ಉದುರಿಸಲು ಕೊಡುತ್ತೇವೆ. ಒಲೆ ಹಚ್ಚುವ ಹೊತ್ತಿಗೆ ಸರಿಯಾಗಿ "ನೀನು ಆಚೆ ಹೋಗು" ಅನ್ನುತ್ತೇವೆ. ಹೀಗೆ ಹತ್ತು ವರ್ಷ ಅಡುಗೆಮನೆಯಲ್ಲಿ ಓಡಾಡಿ ಬೆಳೆದ ಮಗುವಿಗೂ ಒಂದು ದಿನ ಒಬ್ಬಂಟಿಯಾಗಿ ಒಲೆಯ ಮುಂದೆ ನಿಂತಾಗ ಉರಿ ಎಷ್ಟಿರಬೇಕು ಅನ್ನುವುದೇ ತಿಳಿಯುವುದಿಲ್ಲ. ಮಾಡುವ ವಿಧಾನ ಬರೆದದ್ದು ಈಗ ಬೇಕಾದಷ್ಟು ಸಿಗುತ್ತದೆ. ಎಲ್ಲದರಲ್ಲೂ "ಹದವಾಗಿ ಬೇಯಿಸಿ", "ಹೊಂಬಣ್ಣ ಬರುವವರೆಗೆ ಹುರಿಯಿರಿ" ಎಂದು ಬರೆದಿರುತ್ತದೆ. ಆ ಹದ ಬಂತೋ ಇಲ್ಲವೋ ಎಂದು ಗೊತ್ತಾಗುವುದು ಕಣ್ಣಿಗೆ, ಕಿವಿಗೆ, ಮೂಗಿಗೆ. ಆದ್ದರಿಂದ ಮಕ್ಕಳಿಗೆ ತಿಂಡಿಗಳ ಪಟ್ಟಿ ಕಲಿಸುವ ಮೊದಲು ಉರಿಯನ್ನು ಓದಲು ಕಲಿಸಬೇಕು. ಇಂದಿನ ಮಾತೆಲ್ಲ ಅದರ ಸುತ್ತಲೇ.

ಯಾವ ವಯಸ್ಸಿಗೆ ಏನು ಎಂಬ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡೋಣ. ಎರಡು ಮೂರು ವರ್ಷದ ಮಗು ಸೊಪ್ಪು ಬಿಡಿಸಬಹುದು, ತರಕಾರಿ ತೊಳೆಯಬಹುದು, ತಣ್ಣಗಿರುವುದನ್ನು ಕಲಸಬಹುದು. ನಾಲ್ಕೈದು ವರ್ಷಕ್ಕೆ ಅಳೆಯುವುದು, ಬೆಂದ ಆಲೂಗಡ್ಡೆ ಹಿಸುಕುವುದು, ಬಾಳೆಹಣ್ಣಿನಂಥ ಮೆತ್ತನೆಯದನ್ನು ಹರಿತವಿಲ್ಲದ ಚಾಕುವಿನಲ್ಲಿ ಕತ್ತರಿಸುವುದು. ಆರೇಳು ವರ್ಷಕ್ಕೆ ಮೊಟ್ಟೆ ಒಡೆಯುವುದು, ಸಿಪ್ಪೆ ಹೆರೆಯುವುದು. ಎಂಟರ ಹೊತ್ತಿಗೆ ನಿಜವಾದ ಚಾಕು, ಮತ್ತು ಪಕ್ಕದಲ್ಲೇ ದೊಡ್ಡವರು ನಿಂತಿರುವಾಗ ಒಲೆ. ಹತ್ತು ಹನ್ನೆರಡಕ್ಕೆ, ದೊಡ್ಡವರು ಅದೇ ಕೋಣೆಯಲ್ಲಿದ್ದರೆ, ಒಂದು ಸರಳ ಪದಾರ್ಥವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಬಹುದು. ಇವೆಲ್ಲ ಅಂದಾಜು. ವಯಸ್ಸಿಗಿಂತ ನಂಬಬಹುದಾದ ಗುರುತು ಬೇರೊಂದಿದೆ: ಮೂರು ಹಂತದ ಮಾತನ್ನು ಒಮ್ಮೆ ಕೇಳಿ ಅದೇ ಕ್ರಮದಲ್ಲಿ ಮಾಡುತ್ತದೆಯೇ, "ನಿಲ್ಲು" ಅಂದ ಕೂಡಲೇ ನಿಲ್ಲುತ್ತದೆಯೇ ನೋಡಿ. ಎರಡೂ ಹೌದಾದರೆ ಒಲೆಯ ಹತ್ತಿರ ಬರಬಹುದು. ಹನ್ನೆರಡಾದರೂ ಎರಡೂ ಇಲ್ಲವಾದರೆ ಇನ್ನಷ್ಟು ದಿನ ತಣ್ಣನೆಯ ಕೆಲಸವೇ ಇರಲಿ.

ಇನ್ನು ಎತ್ತರ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಎಷ್ಟೋ ಅವಘಡಗಳ ಬೇರು ಇಲ್ಲೇ ಇರುತ್ತದೆ. ಅಡುಗೆಕಟ್ಟೆ ಸಾಮಾನ್ಯವಾಗಿ 85ರಿಂದ 90 ಸೆಂಟಿಮೀಟರ್ ಎತ್ತರ. ಎಂಟು ವರ್ಷದ ಮಗುವಿಗೆ ಅದು ಎದೆಯ ಹತ್ತಿರ ಬರುತ್ತದೆ. ಭುಜ ಮೇಲೆತ್ತಿ ಚಾಕು ಒತ್ತಬೇಕಾದಾಗ ಬಲ ಇರುವುದಿಲ್ಲ, ಬಲ ಸಾಲದಾದಾಗ ಚಾಕು ಜಾರುತ್ತದೆ. ಕತ್ತರಿಸುವ ಮಣೆ ಮಗುವಿನ ಹೊಕ್ಕುಳಿನ ಮಟ್ಟಕ್ಕೆ ಬರಬೇಕು. ಅಲುಗದ, ಅಗಲ ಬುಡದ ಮೆಟ್ಟುಮಣೆ ಹಾಕಿ. ಇಲ್ಲವೇ ಹೆಚ್ಚುವ ಕೆಲಸವನ್ನು ತಗ್ಗಿನ ಮೇಜಿಗೆ ಸಾಗಿಸಿ. ಒಲೆಯ ಮುಂದೆಯೂ ಅಷ್ಟೇ: ಪಾತ್ರೆಯ ಒಳಗೇನಿದೆ ಎಂದು ಮೇಲಿನಿಂದ ಕಾಣುವಂತಿರಬೇಕು. ಮುಖದ ಮಟ್ಟಕ್ಕೇ ಪಾತ್ರೆಯ ಬಾಯಿ ಇದ್ದರೆ ಆವಿ ನೇರ ಮುಖಕ್ಕೆ ಬರುತ್ತದೆ. ಕುರ್ಚಿಯ ಮೇಲೆ ನಿಲ್ಲಿಸಬೇಡಿ. ಹಿಂದಕ್ಕೆ ಒರಗಲು ಹೋಗಿ ಬೀಳುವುದು, ಬೀಳುವಾಗ ಪಾತ್ರೆಯ ಹಿಡಿಕೆಯನ್ನೇ ಆಸರೆಗೆ ಹಿಡಿಯುವುದು ಕುರ್ಚಿಯ ಮೇಲೆಯೇ ಆಗುತ್ತದೆ.

ಚಾಕುವಿಗೆ ಬರೋಣ. ಮಕ್ಕಳಿಗೆ ಮೊಂಡು ಚಾಕು ಕೊಟ್ಟರೆ ಕ್ಷೇಮ ಎಂಬ ನಂಬಿಕೆ ಇದೆ. ಬಾಳೆಹಣ್ಣಿಗೆ ಅದು ನಿಜ, ಕ್ಯಾರೆಟ್ಟಿಗೆ ಅಲ್ಲ. ಮೊಂಡು ಅಲಗು ತರಕಾರಿಯ ಮೈಗೆ ಕಚ್ಚುವುದಿಲ್ಲ. ಮಗು ಇನ್ನಷ್ಟು ಒತ್ತುತ್ತದೆ, ಅಲಗು ಪಕ್ಕಕ್ಕೆ ಜಾರಿ ಅದೇ ಬಲದಲ್ಲಿ ಬೆರಳಿನ ಮೇಲೆ ಬರುತ್ತದೆ. ಅಲಗಿನ ಉದ್ದ 12 ಸೆಂಟಿಮೀಟರ್ ಆಸುಪಾಸು, ಹಿಡಿಕೆ ಆ ಅಂಗೈಗೆ ತುಂಬುವಷ್ಟು, ಮತ್ತು ಹರಿತವಾದದ್ದು: ಇದು ಎಂಟು ಹತ್ತು ವರ್ಷದ ಕೈಗೆ ಸರಿಯಾದ ಚಾಕು. ಮಣೆಯ ಕೆಳಗೆ ಒದ್ದೆ ಬಟ್ಟೆ ಹಿಂಡಿ ಹಾಸಿ, ಆಗ ಮಣೆ ಸರಿಯುವುದಿಲ್ಲ.

ಎಡಗೈ ಹೇಗಿರಬೇಕು ಎನ್ನುವುದೇ ಇಲ್ಲಿ ಮುಖ್ಯ ಪಾಠ, ಎಡಚರಿಗೆ ಬಲಗೈ. ಬೆರಳ ತುದಿಗಳು ಒಳಕ್ಕೆ ಮಡಿದಿರಬೇಕು, ಬೆಕ್ಕು ಪಂಜ ಊರಿದ ಹಾಗೆ. ಹೆಬ್ಬೆರಳು ಉಳಿದ ಬೆರಳುಗಳ ಹಿಂದೆ ಅಡಗಿರಬೇಕು. ಚಾಕುವಿನ ಚಪ್ಪಟೆ ಮೈ ನಡುವಿನ ಗೆಣ್ಣಿಗೆ ತಾಗಿಕೊಂಡೇ ಮೇಲೆ ಕೆಳಗೆ ಆಡುತ್ತದೆ. ಅಲಗನ್ನು ಗೆಣ್ಣಿಗಿಂತ ಮೇಲೆ ಎತ್ತದಿದ್ದರೆ ಬೆರಳು ಕುಯ್ಯುವ ದಾರಿಯೇ ಇಲ್ಲ. ಇದನ್ನು ಮೊದಲ ಎರಡು ದಿನ ಚಾಕುವಿಲ್ಲದೆ, ಒಂದು ಮರದ ಪಟ್ಟಿ ಹಿಡಿದು ಅಭ್ಯಾಸ ಮಾಡಿಸಿ. ಮಕ್ಕಳು ಮಾಡುವ ಸಾಮಾನ್ಯ ತಪ್ಪು, ಕತ್ತರಿಸುತ್ತಾ ಹೋದಂತೆ ಹೆಬ್ಬೆರಳನ್ನು ನಿಧಾನವಾಗಿ ಹೊರಕ್ಕೆ ಚಾಚುವುದು. ತುಂಡು ಗಿಡ್ಡವಾದಂತೆ ಅದು ತಾನಾಗಿಯೇ ಆಗುತ್ತದೆ. ಅದಕ್ಕೆ ಪರಿಹಾರ, ಕೊನೆಯ ಎರಡು ಸೆಂಟಿಮೀಟರ್ ತುಂಡನ್ನು ಕತ್ತರಿಸದೆ ಬಿಡಲು ಹೇಳುವುದು. ಅದನ್ನು ನೀವು ಕತ್ತರಿಸಿಕೊಳ್ಳಿ.

ಉರುಳುವ ಯಾವುದನ್ನೂ ಹಾಗೇ ಕತ್ತರಿಸಬಾರದು. ಕ್ಯಾರೆಟ್ಟಿನ ಒಂದು ಪಕ್ಕ ತೆಳ್ಳಗೆ ಸೀಳಿ ತೆಗೆದು ಆ ಚಪ್ಪಟೆ ಮೈಯನ್ನು ಕೆಳಗಿಟ್ಟರೆ ಅದು ಕೂತುಕೊಳ್ಳುತ್ತದೆ. ಈರುಳ್ಳಿಯನ್ನು ಬೇರಿನ ಗಂಟಿನ ಮೂಲಕ ಎರಡು ಹೋಳು ಮಾಡಿ, ಸೀಳಿದ ಮೈ ಕೆಳಗಿಡಿ. ಬೇರಿನ ಗಂಟನ್ನು ಕೊನೆಯವರೆಗೆ ಕತ್ತರಿಸಬೇಡಿ, ಎಸಳುಗಳನ್ನೆಲ್ಲ ಹಿಡಿದಿಟ್ಟುಕೊಳ್ಳುವುದು ಅದೇ. ಮೊದಲು ಗಂಟಿನ ಕಡೆಗೆ ಉದ್ದುದ್ದ ಸೀಳು, ಆಮೇಲೆ ಅಡ್ಡಕ್ಕೆ. ಕಣ್ಣುರಿ ಬರುವುದು ಈರುಳ್ಳಿಯ ಜೀವಕೋಶಗಳು ಒಡೆದಾಗ ಹೊರಬರುವ ಗಂಧಕದ ಅಂಶವುಳ್ಳ ಅನಿಲದಿಂದ. ಹರಿತವಾದ ಚಾಕು ಕಡಿಮೆ ಕೋಶಗಳನ್ನು ಜಜ್ಜುತ್ತದೆ, ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟ ಈರುಳ್ಳಿ ಕಡಿಮೆ ಅನಿಲ ಬಿಡುತ್ತದೆ. ಕಣ್ಣಲ್ಲಿ ನೀರು ತುಂಬಿದರೆ ಚಾಕು ಕೆಳಗಿಡುವುದು ನಿಯಮ. ಕೈಯಿಂದ ಕಣ್ಣು ಒರೆಸಿಕೊಳ್ಳುವುದಲ್ಲ.

ಒಂದೇ ಗಾತ್ರಕ್ಕೆ ಹೆಚ್ಚು ಎಂದು ಯಾಕೆ ಹೇಳುತ್ತೇವೆ? ಅಂದಕ್ಕೆ ಎಂದುಕೊಳ್ಳುವ ಮಕ್ಕಳೇ ಹೆಚ್ಚು. ಅವರಿಗೆ ತೋರಿಸಿಯೇ ಬಿಡಿ. ಒಂದೇ ಆಲೂಗಡ್ಡೆಯಿಂದ 1 ಸೆಂಟಿಮೀಟರ್ ಚೌಕದ ಕೆಲವು ಹೋಳು, 3 ಸೆಂಟಿಮೀಟರ್ ಚೌಕದ ಕೆಲವು ಹೋಳು ಮಾಡಿ ಒಂದೇ ನೀರಿನಲ್ಲಿ ಬೇಯಲು ಬಿಡಿ. ದೊಡ್ಡ ಹೋಳಿನ ನಡುವಿಗೆ ಫೋರ್ಕ್ ಸಲೀಸಾಗಿ ಇಳಿಯುವ ಹೊತ್ತಿಗೆ ಸಣ್ಣ ಹೋಳು ಕರಗಿ ನೀರಿಗೆ ಸೇರಿರುತ್ತದೆ. ಬಿಸಿ ಹೊರಗಿನಿಂದ ಒಳಕ್ಕೆ ನಡೆದು ಹೋಗಬೇಕು, ಮತ್ತು ದಪ್ಪ ಎರಡರಷ್ಟಾದರೆ ಸಮಯ ಸುಮಾರು ನಾಲ್ಕರಷ್ಟಾಗುತ್ತದೆ. ಈ ಒಂದು ಪ್ರಯೋಗ ನೋಡಿದ ಮಗುವಿಗೆ "ಸಮನಾಗಿ ಹೆಚ್ಚು" ಎಂದು ಎರಡನೇ ಸಲ ಹೇಳಬೇಕಾಗುವುದಿಲ್ಲ.

ಈಗ ಒಲೆ. ಮೊದಲ ಪಾಠಕ್ಕೆ ಬೇಕಾದದ್ದು ಅರ್ಧ ಲೀಟರ್ ನೀರು, ಒಂದು ಪಾತ್ರೆ. ಬೇರೇನೂ ಬೇಡ. ನೀರು ಕುದಿಸುವುದು ಯಾರಿಗೆ ಗೊತ್ತಿಲ್ಲ ಎಂದು ಇದನ್ನು ಹಾರಿಸಬೇಡಿ. ಅಡುಗೆಯ ಅಕ್ಷರಮಾಲೆ ಇರುವುದು ಇಲ್ಲೇ.

ಪಾತ್ರೆಯ ಹಿಡಿಕೆ ಒಳಕ್ಕೆ ತಿರುಗಿರಲಿ, ಅಂಚಿನಿಂದ ಹೊರಕ್ಕೆ ಚಾಚಬಾರದು. ಉದ್ದ ಕೂದಲು ಕಟ್ಟಿರಲಿ. ಜೋಲುವ ತೋಳು, ಬಿಸಿಗೆ ಕರಗಿ ಮೈಗೆ ಅಂಟುವ ನೈಲಾನ್ ಬಟ್ಟೆ ಬೇಡ, ಹತ್ತಿಯದು ಇರಲಿ. ಉರಿಯ ನಾಲಗೆ ಪಾತ್ರೆಯ ತಳದಾಚೆ ಬಂದು ಪಕ್ಕವನ್ನು ನೆಕ್ಕುತ್ತಿದ್ದರೆ ಅದು ಬೇಕಾದ್ದಕ್ಕಿಂತ ಹೆಚ್ಚು. ಹಿಡಿಕೆ ಕಾಯುವುದು ಅದರಿಂದಲೇ. ಇಷ್ಟಾದ ಮೇಲೆ ಮಗುವನ್ನು ಸುಮ್ಮನೆ ನೋಡಲು, ಕೇಳಲು ಹೇಳಿ.

ಮೊದಲು ಪಾತ್ರೆಯ ಗೋಡೆಗೆ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ಕುದಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುತ್ತಿರುವುದು. ಸ್ವಲ್ಪ ಹೊತ್ತಿಗೆ ಮೇಲೆ ತೆಳು ಆವಿ ಏಳುತ್ತದೆ. ಆಮೇಲೆ ಪಾತ್ರೆ ಗುಂಯ್ ಎಂದು ಸದ್ದು ಮಾಡತೊಡಗುತ್ತದೆ. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಮೇಲಿನ ಕಡಿಮೆ ಬಿಸಿಯ ನೀರಿಗೆ ಬಂದು ಕುಸಿದು ಹೋಗುತ್ತದೆ, ಆ ಸದ್ದು ಅದು. ಇದ್ದಕ್ಕಿದ್ದಂತೆ ಸದ್ದು ತಗ್ಗುತ್ತದೆ. ಮಗು "ಆರಿ ಹೋಯ್ತಾ?" ಎಂದು ಕೇಳುತ್ತದೆ. ಆರಿಲ್ಲ, ನೀರೆಲ್ಲ ಒಂದೇ ಬಿಸಿಗೆ ಬಂದು ಗುಳ್ಳೆಗಳು ಕುಸಿಯದೆ ಮೇಲಿನವರೆಗೆ ಏರತೊಡಗಿವೆ. ಇದೇ ಕುದಿ.

ಈಗ ಉರಿಯನ್ನು ಪೂರ್ತಿ ದೊಡ್ಡದು ಮಾಡಿಸಿ, ನೀರು ಧುಮುಕಾಡಲಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಅದ್ದಿ ನೋಡಿ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್, ಸಾವಿರ ಮೀಟರ್ ಎತ್ತರದ ಜಾಗದಲ್ಲಿ ಸುಮಾರು 97. ಉರಿ ಸಣ್ಣದು ಮಾಡಿ, ನೀರು ಅಲ್ಲಲ್ಲಿ ಮಾತ್ರ ಗುಳ್ಳೆ ಬಿಡುವ ಹಾಗೆ ಇರಲಿ. ಬಿಸಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದೊಡ್ಡ ಉರಿ ನೀರನ್ನು ಹೆಚ್ಚು ಬಿಸಿ ಮಾಡುವುದಿಲ್ಲ, ಬೇಗ ಆವಿ ಮಾಡುತ್ತದೆ ಅಷ್ಟೆ. ಕುದಿ ಬಂದ ಮೇಲೆ ಉರಿ ತಗ್ಗಿಸಬೇಕು ಎನ್ನುವ ಮಾತಿನ ಹಿಂದಿರುವ ಕಾರಣ ಇದು. ತಗ್ಗಿಸದಿದ್ದರೆ ನೀರು ಇಂಗುತ್ತದೆ, ತಳ ಹಿಡಿಯುತ್ತದೆ, ಹೋಳುಗಳು ಒಂದಕ್ಕೊಂದು ಬಡಿದು ಒಡೆಯುತ್ತವೆ. ಬೇಗ ಬೇಯಲಿ ಎಂದು ಉರಿ ಹೆಚ್ಚಿಸುವ ಅಭ್ಯಾಸ ದೊಡ್ಡವರಲ್ಲೂ ಇದೆ. ಈ ಪಾಠವನ್ನು ಎಂಟನೇ ವಯಸ್ಸಿಗೆ ಕಲಿತ ಮಗು ಅವರಿಗಿಂತ ಮುಂದೆ.

ಇದೇ ಪಾಠದ ಕೊನೆಗೆ ಮುಚ್ಚಳ ತೆಗೆಯುವುದನ್ನು ಕಲಿಸಿ. ಕುದಿಯುವ ನೀರಿಗಿಂತಲೂ ಆವಿ ಹೆಚ್ಚು ಸುಡಬಲ್ಲದು, ಏಕೆಂದರೆ ಚರ್ಮಕ್ಕೆ ತಾಗಿ ಮತ್ತೆ ನೀರಾಗುವಾಗ ಅದು ತನ್ನೊಳಗೆ ಹಿಡಿದಿಟ್ಟ ಶಾಖವನ್ನೆಲ್ಲ ಅಲ್ಲೇ ಬಿಡುತ್ತದೆ. ಮುಚ್ಚಳದ ಆಚೆಯ ಅಂಚನ್ನು ಮೊದಲು ಎತ್ತಬೇಕು. ಆವಿ ಎದುರಿನ ಗೋಡೆಯ ಕಡೆಗೆ ಹೋಗುತ್ತದೆ, ಮುಚ್ಚಳವೇ ಮುಖಕ್ಕೆ ಗುರಾಣಿಯಾಗುತ್ತದೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಒಣಗಿರಬೇಕು. ಒದ್ದೆ ಬಟ್ಟೆಯ ನೀರು ಕ್ಷಣದಲ್ಲಿ ಬಿಸಿಯಾಗಿ ಕೈ ಸುಡುತ್ತದೆ, ಪಾತ್ರೆ ಕೈಬಿಡುತ್ತದೆ.

ಎರಡನೇ ಪಾಠ ಮೊಟ್ಟೆ. ಮೊಟ್ಟೆ ತಿನ್ನದ ಮನೆಯವರು ಮೇಲೆ ಹೇಳಿದ ಆಲೂಗಡ್ಡೆಯಲ್ಲೇ ಇದನ್ನು ಕಲಿಸಬಹುದು. ಕುದಿಯುವ ನೀರಿಗೆ ನಾಲ್ಕು ಮೊಟ್ಟೆಗಳನ್ನು ಸೌಟಿನಲ್ಲಿ ಒಂದೊಂದಾಗಿ ಇಳಿಸಿ. ಮೇಲಿನಿಂದ ಹಾಕಿದರೆ ತಳಕ್ಕೆ ಬಡಿದು ಬಿರಿಯುತ್ತವೆ. 6, 8, 10, 13ನೇ ನಿಮಿಷಕ್ಕೆ ಒಂದೊಂದನ್ನು ತೆಗೆದು ತಣ್ಣೀರಿಗೆ ಹಾಕಿ. ನಾಲ್ಕನ್ನೂ ಸೀಳಿ ಸಾಲಾಗಿ ಇಟ್ಟರೆ ಸಮಯ ಏನು ಮಾಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ: ಮೊದಲನೆಯದರ ಹಳದಿ ಹರಿಯುತ್ತದೆ, ಎರಡನೆಯದರದ್ದು ನಡುವೆ ಮೆತ್ತಗಿದೆ, ಮೂರನೆಯದು ಗಟ್ಟಿ, ನಾಲ್ಕನೆಯದು ಪುಡಿಪುಡಿ. ಇನ್ನೂ ಬಿಟ್ಟರೆ ಹಳದಿಯ ಸುತ್ತ ಹಸಿರು ಛಾಯೆಯ ಬಳೆ ಕಟ್ಟುತ್ತದೆ. ಹಳದಿಯ ಕಬ್ಬಿಣ, ಬಿಳಿಯ ಗಂಧಕ ಸೇರಿ ಆದದ್ದು ಅದು. ತಿಂದರೆ ತೊಂದರೆಯಿಲ್ಲ, ಆದರೆ ಅತಿಯಾಗಿ ಬೆಂದಿದೆ ಎಂಬುದರ ಗುರುತು. ಹಳದಿ ಗಟ್ಟಿಯಾಗದ ಮೊಟ್ಟೆಗಳನ್ನು ನೋಡಿಯಾದ ಮೇಲೆ ಮತ್ತೆ ಬೇಯಿಸಿಯೇ ಚಿಕ್ಕ ಮಕ್ಕಳಿಗೆ ಕೊಡಿ. ಸಿಪ್ಪೆ ಬಿಡಿಸುವಾಗ ದಪ್ಪ ತುದಿಯಿಂದ ಶುರು ಮಾಡಬೇಕು, ಗಾಳಿಯ ಚೀಲ ಇರುವುದು ಅಲ್ಲಿ. ತೀರ ಹೊಸ ಮೊಟ್ಟೆಯ ಸಿಪ್ಪೆ ಬಿಳಿಯನ್ನೂ ಕಿತ್ತುಕೊಂಡು ಬರುತ್ತದೆ. ವಾರ ಹಳೆಯದಾದರೆ ಸಲೀಸು. ಮಗುವಿನ ಕೈ ತಪ್ಪಲ್ಲ ಎಂದು ಹೇಳಿ.

ಮೂರನೇ ಪಾಠ ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಈರುಳ್ಳಿ ಹುರಿಯುವುದು. ಇದನ್ನು ಹತ್ತಿರದಿಂದ ನೋಡೋಣ.

ಮಧ್ಯಮ ಗಾತ್ರದ ಎರಡು ಈರುಳ್ಳಿ, ಹೆಚ್ಚಿದ ಮೇಲೆ ಸುಮಾರು 250 ಗ್ರಾಂ. ಎರಡು ದೊಡ್ಡ ಚಮಚ ಎಣ್ಣೆ, ಅಂದರೆ 30 ಮಿಲಿಲೀಟರ್. ಕಾಲು ಚಹಾ ಚಮಚ ಉಪ್ಪು. ತಳ ದಪ್ಪಗಿರುವ, ಅಗಲವಾದ ಬಾಣಲೆ. ಮೊದಲ ಪ್ರಶ್ನೆ, ಎಣ್ಣೆ ಕಾದಿದೆಯೇ? ನೀರು ಚಿಮುಕಿಸಿ ನೋಡಬಾರದು, ಎಣ್ಣೆ ಸಿಡಿಯುತ್ತದೆ. ಒಂದು ಚೂರು ಈರುಳ್ಳಿಯನ್ನು ಬಾಣಲೆಯ ಅಂಚಿನಿಂದ ಜಾರಿಸಿ. ಸುತ್ತ ಸಣ್ಣ ಗುಳ್ಳೆಗಳು ಎದ್ದರೆ ಕಾದಿದೆ. ಸುಮ್ಮನೆ ಮಲಗಿದರೆ ಇನ್ನೂ ಇಲ್ಲ. ಎಣ್ಣೆಯಿಂದ ಹೊಗೆ ಬಂದರೆ ಮಿತಿ ಮೀರಿದೆ, ಒಲೆ ಆರಿಸಿ ತಣಿಯಲು ಬಿಡಬೇಕು. ಉಳಿದ ಈರುಳ್ಳಿಯನ್ನು ಮೇಲಿನಿಂದ ಎಸೆಯುವುದಲ್ಲ. ಹೆದರಿದ ಮಕ್ಕಳು ದೂರದಿಂದ ಎಸೆಯುತ್ತಾರೆ, ಸಿಡಿಯುವುದು ಆಗಲೇ. ಬಾಣಲೆಯ ಹತ್ತಿರ ಕೈ ತಂದು ತಮ್ಮಿಂದ ಆಚೆಗೆ ಜಾರಿಸಬೇಕು.

ಹಾಕಿದ ಕೂಡಲೇ ಜೋರಾಗಿ ಸದ್ದು. ಈರುಳ್ಳಿಯ ತೂಕದಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ, ಅದು ಆವಿಯಾಗುವ ಸದ್ದು ಇದು. ಉಪ್ಪು ಈಗಲೇ ಹಾಕಿದರೆ ನೀರು ಬೇಗ ಹೊರಬರುತ್ತದೆ. ಹದವಾದ ಉರಿಯಲ್ಲಿ ನಾಲ್ಕೈದು ನಿಮಿಷಕ್ಕೆ ಚೂರುಗಳು ಬಾಡಿ ಗಾಜಿನಂತಾಗುತ್ತವೆ, ಹಸಿ ಘಾಟು ಹೋಗುತ್ತದೆ. ಎಂಟು ಹತ್ತು ನಿಮಿಷಕ್ಕೆ ಅಂಚು ಹಳದಿಗೆ ತಿರುಗುತ್ತದೆ. ಇಲ್ಲಿ ಕಿವಿ ಚುರುಕಾಗಬೇಕು: ಸದ್ದು ಸಣ್ಣಗಾಗುತ್ತಾ ಬರುತ್ತದೆ. ನೀರು ಮುಗಿಯುತ್ತಿದೆ ಎಂದರ್ಥ. ನೀರಿರುವವರೆಗೆ ಈರುಳ್ಳಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಎಷ್ಟು ಹುರಿದರೂ ಕೆಂಪಾಗದು. ನೀರು ಹೋದ ಮೇಲೆ ಬಿಸಿ ಸರ್ರನೆ ಏರುತ್ತದೆ. 140 ಡಿಗ್ರಿ ದಾಟಿದಂತೆ ಸಕ್ಕರೆ, ಪ್ರೋಟೀನು ಸೇರಿ ಬಣ್ಣ, ಪರಿಮಳ ಕಟ್ಟುವುದು ಬಿರುಸಾಗುತ್ತದೆ. ಹನ್ನೆರಡರಿಂದ ಹದಿನೈದು ನಿಮಿಷಕ್ಕೆ ಹೊಂಬಣ್ಣ. ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲ ಎನ್ನಿಸುತ್ತದೆ, ಕೊನೆಯ ಎರಡು ನಿಮಿಷದಲ್ಲಿ ಎಲ್ಲವೂ ಆಗಿಬಿಡುತ್ತದೆ. ಬೇಸರಗೊಂಡು ಮಗು ಬೇರೆ ಕಡೆ ನೋಡುವುದೂ ಅದೇ ಹೊತ್ತಿನಲ್ಲಿ, ಸೀದು ಹೋಗುವುದೂ ಅದೇ ಹೊತ್ತಿನಲ್ಲಿ. ಆದ್ದರಿಂದ ಸದ್ದು ತಗ್ಗಿದಾಗ ಉರಿಯನ್ನೂ ತಗ್ಗಿಸುವುದು ಎಂಬ ಒಂದೇ ನಿಯಮ ಹೇಳಿಕೊಡಿ.

ತಳಕ್ಕೆ ಕಂದು ಅಂಟಿಕೊಳ್ಳುತ್ತಿದ್ದರೆ ಒಂದು ದೊಡ್ಡ ಚಮಚ ನೀರನ್ನು ಅಂಚಿನಿಂದ ಬಿಟ್ಟು ಮರದ ಸಟ್ಟುಗದಲ್ಲಿ ಕೆರೆಯಲಿ. ಆ ಕಂದೇ ರುಚಿ, ಕಪ್ಪಾದರೆ ಮಾತ್ರ ಕಹಿ. ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಮೊದಲೇ ಇಳಿಸಬೇಕು, ಬಾಣಲೆಯ ಕಾವಿನಲ್ಲಿ ಉಳಿದದ್ದು ಆಗುತ್ತದೆ. ಚಿಕ್ಕ ಬಾಣಲೆಗೆ ತುಂಬ ತುರುಕಿದರೆ ಏನಾಗುತ್ತದೆ ಎಂಬುದನ್ನೂ ಒಮ್ಮೆ ಮಾಡಿ ತೋರಿಸಿ: ಆವಿ ಹೊರಹೋಗಲು ಜಾಗವಿಲ್ಲದೆ ಈರುಳ್ಳಿ ತನ್ನ ನೀರಿನಲ್ಲೇ ಬೆಂದು ಬೆಳ್ಳಗೆ ಮುದ್ದೆಯಾಗುತ್ತದೆ. ಹುರಿಯುವುದಕ್ಕೂ ಬೇಯಿಸುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ, ನೀರು ಇದೆಯೋ ಇಲ್ಲವೋ.

ಎಣ್ಣೆಯ ಬಗ್ಗೆ ಒಂದು ಮಾತು ಖಂಡಿತವಾಗಿ ಹೇಳಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಎಣ್ಣೆಯ ಕೆಳಗಿಳಿದು ಒಮ್ಮೆಲೇ ಆವಿಯಾಗುತ್ತದೆ. ಆವಿಯಾದ ನೀರು ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಕೋಣೆಗೆಲ್ಲ ಚೆಲ್ಲುತ್ತದೆ. ಒಲೆ ಆರಿಸಿ, ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ಬಾಣಲೆಯನ್ನು ಕದಲಿಸದೆ ತಣಿಯಲು ಬಿಡಬೇಕು. ಮಗುವಿಗೆ ಕಲಿಸಬೇಕಾದದ್ದು ಇನ್ನೂ ಸರಳ: ಬೆಂಕಿ ಕಂಡರೆ ಹಿಂದೆ ಸರಿ, ಕೂಗು. ಎಣ್ಣೆ ತುಂಬ ಇಟ್ಟು ಕರಿಯುವುದು ಹದಿನೈದಕ್ಕೆ ಮೊದಲು ಬೇಡ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ತಪ್ಪಿಗೆ ಜಾಗವೇ ಇಲ್ಲ.

ಅನ್ನದ ಪಾಠ ಚಿಕ್ಕದು. ಒಂದು ಲೋಟ ಅಕ್ಕಿ, ತೊಳೆದು ಬಸಿದದ್ದು, ಎರಡು ಲೋಟ ನೀರು. ಕುದಿ ಬಂದ ಮೇಲೆ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ಆರಿಸಿ ಮುಚ್ಚಳ ತೆಗೆಯದೆ 10 ನಿಮಿಷ. ಕೊನೆಯ ಹತ್ತು ನಿಮಿಷ ಸುಮ್ಮನೆ ಅಲ್ಲ. ತಳದ ತೇವ ಮೇಲಕ್ಕೆ ಹರಡುವುದು ಆಗಲೇ. ಮಕ್ಕಳು ಎಡವುವುದು ಅಳತೆ ಹೆಚ್ಚಿಸಿದಾಗ. ಮೂರು ಲೋಟ ಅಕ್ಕಿಗೆ ಆರು ಲೋಟ ನೀರು ಹಾಕಿದರೆ ಮುದ್ದೆಯಾಗುತ್ತದೆ. ಅಕ್ಕಿ ಹೀರುವ ನೀರು ಅಕ್ಕಿಯ ಜೊತೆ ಹೆಚ್ಚುತ್ತದೆ, ಆದರೆ ಆವಿಯಾಗಿ ಹೋಗುವ ನೀರು ಪಾತ್ರೆಯ ಬಾಯಿಗೆ ತಕ್ಕಷ್ಟೇ. ಐದು ಲೋಟದಿಂದ ಶುರು ಮಾಡಿ. ಹಳೆಯ ಅಕ್ಕಿ ಇನ್ನೂ ಸ್ವಲ್ಪ ಕೇಳುತ್ತದೆ. ಬೆಂದಿದೆಯೇ ಎಂದು ಒಂದು ಅಗುಳನ್ನು ಬೆರಳುಗಳ ನಡುವೆ ಒತ್ತಿ ನೋಡಲಿ, ನಡುವೆ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೂ ಬೇಕು. ಉಳಿದ ಅನ್ನವನ್ನು ಹೊರಗೇ ಬಿಡಬಾರದು. ಕುದಿಯಲ್ಲೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅದರಲ್ಲಿ ಇರಬಹುದು, ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲದ ತಟ್ಟೆಯಲ್ಲಿ ಹರಡಿ ಆರಿಸಿ ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಉಪ್ಪಿನ ವಿಷಯದಲ್ಲಿ "ರುಚಿಗೆ ತಕ್ಕಷ್ಟು" ಎಂದು ಮಗುವಿಗೆ ಹೇಳುವುದು ಅನ್ಯಾಯ. ಅದಕ್ಕಿನ್ನೂ ಆ ಅಂದಾಜು ಎಲ್ಲಿಂದ ಬರಬೇಕು? ಸಂಖ್ಯೆ ಕೊಡಿ. ಪುಡಿ ಉಪ್ಪು ಒಂದು ಮಟ್ಟ ಚಹಾ ಚಮಚಕ್ಕೆ ಸುಮಾರು 6 ಗ್ರಾಂ. ಅರ್ಧ ಲೀಟರ್ ಸೂಪಿಗೆ ಮೊದಲು ಅರ್ಧ ಚಮಚ ಹಾಕಿ ಕರಗಿಸಿ, ರುಚಿ ನೋಡಿ, ಸಾಲದಿದ್ದರೆ ಒಂದೊಂದು ಚಿಟಿಕೆ. ಹರಳುಪ್ಪಾದರೆ ಅದೇ ಚಮಚದಲ್ಲಿ ಕಡಿಮೆ ತೂಕ ಹಿಡಿಯುತ್ತದೆ, ಆದ್ದರಿಂದ ಒಂದೇ ಉಪ್ಪಿನಲ್ಲಿ ಕಲಿಯಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎನ್ನುತ್ತದೆ, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಮಗುವಿನ ನಾಲಗೆ ಸಪ್ಪೆ ಎನ್ನದಿದ್ದರೆ ನೀವು ಸೇರಿಸಲು ಹೋಗಬೇಡಿ. ಕುದಿದು ಇಂಗುವ ಪದಾರ್ಥಕ್ಕೆ ಉಪ್ಪು ಕೊನೆಯಲ್ಲಿ. ನೀರು ಅರ್ಧವಾದರೆ ಉಪ್ಪಿನ ತೀವ್ರತೆ ಎರಡರಷ್ಟು. ಹೆಚ್ಚಾದರೆ ಆಲೂಗಡ್ಡೆ ಹಾಕಿದರೆ ಉಪ್ಪನ್ನು ಹೀರಿಕೊಳ್ಳುತ್ತದೆ ಎಂಬ ಮಾತನ್ನು ನೆಚ್ಚಬೇಡಿ. ಅದು ಉಪ್ಪುನೀರನ್ನೇ ಹೀರುತ್ತದೆ, ಉಳಿದ ನೀರು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ನೀರನ್ನೋ ತರಕಾರಿಯನ್ನೋ ಸೇರಿಸಿ ಪ್ರಮಾಣ ಹೆಚ್ಚಿಸುವುದೊಂದೇ ದಾರಿ.

ಶುಚಿಯ ಬಗ್ಗೆ ಗೊತ್ತಿರುವುದನ್ನು ಮತ್ತೆ ಹೇಳುವುದಿಲ್ಲ. ಮರೆತುಹೋಗುವ ಎರಡನ್ನು ಮಾತ್ರ ಹೇಳುತ್ತೇವೆ. ಮೊಟ್ಟೆ ಒಡೆದ ಕೈಯನ್ನು ಸೋಪು ಹಚ್ಚಿ 20 ಸೆಕೆಂಡು ತೊಳೆದೇ ಮುಂದಿನ ಕೆಲಸ. ಹಸಿ ಹಿಟ್ಟನ್ನು ನೆಕ್ಕಬಾರದು. ಅದರಲ್ಲಿ ಮೊಟ್ಟೆ ಇಲ್ಲದಿದ್ದರೂ ಹಿಟ್ಟೇ ಬೇಯಿಸದ ಪದಾರ್ಥ, ಅದರಲ್ಲೂ ರೋಗಾಣು ಇರಬಹುದು.

ಸುಟ್ಟರೆ ಏನು ಮಾಡಬೇಕು ಎಂಬುದನ್ನು ಒಲೆ ಹಚ್ಚುವ ಮೊದಲೇ ಮಗುವಿಗೂ ಹೇಳಿರಬೇಕು. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ, ಗಡಿಯಾರ ನೋಡಿಯೇ. ಎರಡು ನಿಮಿಷಕ್ಕೆ ಉರಿ ಕಡಿಮೆಯಾಯಿತೆಂದು ತೆಗೆದುಬಿಡುವುದೇ ಹೆಚ್ಚು, ಆದರೆ ಚರ್ಮದ ಒಳಪದರ ಇನ್ನೂ ಬಿಸಿಯಾಗಿರುತ್ತದೆ. ಉಂಗುರ, ಬಳೆ ಊತ ಬರುವ ಮೊದಲೇ ತೆಗೆಯಿರಿ. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಬೊಕ್ಕೆ ಒಡೆಯಬೇಡಿ, ಶುಭ್ರವಾದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಮಗುವಿನ ಅಂಗೈಗಿಂತ ದೊಡ್ಡದಾದ ಸುಟ್ಟಗಾಯ, ಮುಖ, ಕೈ ಅಥವಾ ಕೀಲಿನ ಮೇಲಿನದು, ಬೆಳ್ಳಗೋ ಕಪ್ಪಗೋ ಆದದ್ದು ವೈದ್ಯರಿಗೆ ತೋರಿಸಲೇಬೇಕು.

ಇನ್ನುಳಿದದ್ದು ನಿಮ್ಮ ಕೈ. ಮಗು ನಿಧಾನವಾಗಿ ತಿರುವುತ್ತಿದೆ, ಅಂಚಿನಲ್ಲಿ ಸ್ವಲ್ಪ ಕಂದಾಗುತ್ತಿದೆ. ನಿಮ್ಮ ಕೈ ತಾನಾಗಿಯೇ ಸೌಟಿನ ಕಡೆ ಹೋಗುತ್ತದೆ. ತಡೆಯಿರಿ. ಅಪಾಯವಿದ್ದರೆ ಒಲೆ ಆರಿಸಿ, ಸೌಟು ಕಸಿಯಬೇಡಿ. "ಈಗ ಏನು ಕೇಳಿಸ್ತಿದೆ? ವಾಸನೆ ಬದಲಾಯ್ತಾ?" ಎಂದು ಕೇಳಿ. ಒಂದು ಸಲ ಸೀದರೆ ಸೀಯಲಿ. ಸೀದ ವಾಸನೆ ಬರುವುದಕ್ಕೂ ಅರ್ಧ ನಿಮಿಷ ಮುಂಚೆ ಒಂದು ಗಾಢವಾದ, ಹುರಿದ ಬೀಜದಂಥ ವಾಸನೆ ಬಂದಿರುತ್ತದೆ. ಅದು ಯಾವುದು ಎಂದು ಮಗುವಿಗೆ ತಿಳಿಯುವುದು ಮುಂದಿನ ಸಲ. ಹಾಗಾಗಿ ವಾರಕ್ಕೊಂದು ಹೊಸ ಪದಾರ್ಥ ಮಾಡಿಸುವುದಕ್ಕಿಂತ ಒಂದೇ ಪದಾರ್ಥವನ್ನು ಆರು ವಾರ ಮಾಡಿಸಿ. ಮೂರನೇ ವಾರಕ್ಕೆ ಅಳತೆ ನೋಡುವುದು ನಿಲ್ಲುತ್ತದೆ, ಐದನೇ ವಾರಕ್ಕೆ ಉರಿಯ ಕಡೆ ನೋಡದೆ ಕಿವಿಯಲ್ಲೇ ತಿಳಿಯುತ್ತದೆ. ಪಾತ್ರೆ ತೊಳೆಯುವುದೂ ಅದೇ ಕೆಲಸದ ಭಾಗ. ತಳ ಉಜ್ಜಿದವರಿಗೆ ಉರಿ ಎಲ್ಲಿ ಹೆಚ್ಚಾಗಿತ್ತು ಎಂದು ಕಾಣುತ್ತದೆ.

ಸಭಿಕರೊಬ್ಬರು ಕೇಳಿದರು: ಬೆಂಕಿಯಿಲ್ಲದ ಇಂಡಕ್ಷನ್ ಒಲೆಯಲ್ಲಿ ಕಲಿಸುವುದು ಕ್ಷೇಮವಲ್ಲವೇ? ಬಟ್ಟೆಗೆ ಹತ್ತುವ ಜ್ವಾಲೆ ಇಲ್ಲ, ಆ ಮಟ್ಟಿಗೆ ಹೌದು. ಆದರೆ ಉರಿ ಕಣ್ಣಿಗೆ ಕಾಣದು, ಆದ್ದರಿಂದ ಸದ್ದು ಮತ್ತು ಗುಳ್ಳೆಯ ಪಾಠ ಅಲ್ಲಿ ಇನ್ನೂ ಮುಖ್ಯ. ಪಾತ್ರೆಯ ಬಿಸಿ ಗಾಜಿಗೆ ಇಳಿದಿರುತ್ತದೆ, ಆರಿಸಿದ ಮೇಲೂ ಗಾಜು ಸುಡುತ್ತದೆ. ಬಿಸಿ ಏರುವುದೂ ಬಹಳ ಬೇಗ, ಎಣ್ಣೆ ಹಾಕಿದ ಬಾಣಲೆ ಇಟ್ಟು ಈರುಳ್ಳಿ ಹೆಚ್ಚಲು ತಿರುಗಿದರೆ ಅಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತದೆ. ಎಲ್ಲ ಹೆಚ್ಚಿ, ಅಳೆದು, ಬಟ್ಟಲುಗಳಲ್ಲಿ ಪಕ್ಕಕ್ಕಿಟ್ಟುಕೊಂಡ ಮೇಲೆಯೇ ಒಲೆ ಹಚ್ಚುವುದು ಎಂಬ ಅಭ್ಯಾಸ ಅಲ್ಲಿ ಕಡ್ಡಾಯ.

ಇನ್ನೊಬ್ಬರದು: ಪ್ರೆಶರ್ ಕುಕ್ಕರ್ ಯಾವಾಗ? ಒಳಗೆ ಸುಮಾರು 120 ಡಿಗ್ರಿ ಇರುತ್ತದೆ, ಮತ್ತು ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ನೋಡಿ ಕಲಿಯುವ ಹಂತ ಮುಗಿಯುವವರೆಗೆ ಅದನ್ನು ದೂರ ಇಡಿ, ಹನ್ನೆರಡು ಹದಿಮೂರಕ್ಕೆ ಆರಂಭಿಸಬಹುದು. ಆಗಲೂ ಮೂರು ವಿಷಯ ನೋಡಿಯೇ ಹಚ್ಚಬೇಕು: ಆವಿ ಹೋಗುವ ತೂತನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ, ರಬ್ಬರ್ ಬಳೆ ಒಡೆದಿಲ್ಲವೇ, ಒಳಗಿನದು ಮೂರನೇ ಎರಡು ಭಾಗ ಮೀರಿಲ್ಲವೇ. ಉಬ್ಬುವ ಕಾಳುಗಳಾದರೆ ಅರ್ಧಕ್ಕಿಂತ ಹೆಚ್ಚು ಬೇಡ, ನೊರೆ ಏರಿ ತೂತು ಕಟ್ಟಿಕೊಳ್ಳುತ್ತದೆ. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳಕ್ಕೆ ಕೈ ಹಾಕಬಾರದು. ಹಿಡಿಕೆ ಬಿಗಿಯಾಗಿದ್ದರೆ ಒತ್ತಡ ಇನ್ನೂ ಇದೆ ಎಂದರ್ಥ, ಬಲ ಹಾಕುವುದಲ್ಲ, ಕಾಯುವುದು.